ಉಪ್ಪುಕೋಟೆಯ ಒಡತಿಗೆ ದನಿ ಕೊಟ್ಟವಳು

ಉಪ್ಪುಕೋಟೆಯ ಒಡತಿ ಆರಡಿಗೂ ಮೀರಿದ ಹೆಣ್ಣು. ಬೆನ್ನಿಗೆ ಜೋಡಿ ಕತ್ತಿ, ಸೊಂಟಕ್ಕೆ ಬಾಕು, ಎಂಥ ಬಿರುಗಾಳಿಗೂ ಹಣೆಗೆ ಬೀಳದ ಕೂದಲು. ಹಾರುವ ಹಾವನ್ನು ಬಾಲ ಹಿಡಿದು ಬಂಡೆಗೆ ಬಡಿದು, ಕೈ ಕೊಡವಿಕೊಂಡು ಮುಂದಿನ ಕೆಲಸಕ್ಕೆ ಹೊರಡುವವಳು. ಇಂಥವಳ ದನಿ ಮಾತ್ರ ನಾಲ್ಕಡಿ ಹತ್ತಂಗುಲವಿತ್ತು. ಅದಕ್ಕೆ ಮಂಡಿನೋವಿತ್ತು. ಮೈಕು ಎಟುಕದ್ದರಿಂದ ಅದು ಒಂದು ಹಳೆಯ ಮರದ ಪೆಟ್ಟಿಗೆಯ ಮೇಲೆ ನಿಲ್ಲುತ್ತಿತ್ತು.

ಆ ದನಿಯ ಹೆಂಗಸನ್ನು ಸ್ಟುಡಿಯೋದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾವೂ ಹಾಗೇ ಕರೆಯೋಣ. ಅಕ್ಕ ಅಂದ ಮೇಲೆ ಅವಳ ಗಂಡ ಎಲ್ಲರಿಗೂ ಭಾವ. ಬೀಗ ರಿಪೇರಿ ಮಾಡುವುದು, ಕೀಲಿ ಕಳಕೊಂಡವರಿಗೆ ಹೊಸ ಕೀಲಿ ಅರೆದುಕೊಡುವುದು ಭಾವನ ಕಸುಬು. ಮಾತು ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ಅಕ್ಕನೇ ಪೂರೈಸುತ್ತಿದ್ದಳು.

ದಿನಾ ಬೆಳಿಗ್ಗೆ ಅಕ್ಕನ ಯುದ್ಧಸನ್ನಾಹ ನೋಡುವಂತಿರುತ್ತಿತ್ತು. ಮೊದಲು ಬಳೆ, ಕೈಗಡಿಯಾರ ಬಿಚ್ಚಿ ಹೊರಗಿನ ಮೇಜಿನ ಮೇಲಿಡಬೇಕು, ಸದ್ದು ಮಾಡುತ್ತವೆ. ಚಪ್ಪಲಿ ಬಿಡಬೇಕು, ಕಿರುಗುಟ್ಟುತ್ತವೆ. ಗಂಜಿ ಹಾಕಿದ ಬಟ್ಟೆ ಉಡಬಾರದು, ಸರಸರ ಎನ್ನುತ್ತದೆ. ಹಸಿದ ಹೊಟ್ಟೆಯಲ್ಲಿ ಒಳಗೆ ಹೋಗಬಾರದು. ಅದರ ಗುರುಗುರು ಮೈಕಿಗೆ ಗುಡುಗಿನಂತೆ ಕೇಳಿಸುತ್ತದೆ. ಹೊಟ್ಟೆ ಬಿರಿಯ ತಿಂದೂ ಹೋಗಬಾರದು. ರಾಣಿಯ ಮಾತಿನ ನಡುವೆ ತೇಗು ಬಂದರೆ ಸಿಂಹಾಸನದ ಮರ್ಯಾದೆ ಏನಾಗಬೇಕು? ಹೀಗೆ ಲೋಕದ ಸದ್ದನ್ನೆಲ್ಲ ಮೈಮೇಲಿಂದ ಕಳಚಿಟ್ಟು, ಫ್ಯಾನು ಆರಿಸಿದ ಗೂಡಿನಂಥ ಕೋಣೆಯಲ್ಲಿ ಬೆವರು ಸುರಿಸುತ್ತ ನಿಂತಾಗ ಅಕ್ಕ ಒಡತಿಯಾಗುತ್ತಿದ್ದಳು. ಸ್ಟುಡಿಯೋ ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮಹಡಿಯ ಮೇಲೆ. ಮಾರಾಟವಾಗದೆ ಉಳಿದ ಹಾಸಿಗೆಗಳನ್ನೇ ತಂದು ಗೋಡೆಗೆಲ್ಲ ಬಡಿದಿದ್ದರು. ಸಾಮ್ರಾಜ್ಯಗಳು ಎದ್ದದ್ದು, ಬಿದ್ದದ್ದು, ಸುಟ್ಟು ಬೂದಿಯಾದದ್ದು ಎಲ್ಲವೂ ಆ ಹಾಸಿಗೆಗಳ ನಡುವೆ.

ಅಕ್ಕ ಹುಟ್ಟಾ ಒಡತಿಯೇನಲ್ಲ. ಮದುವೆಯಾದ ಹೊಸತರಲ್ಲಿ ಬಸ್ ನಿಲ್ದಾಣದ ಮೂಲೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮೈಕಿನಲ್ಲಿ ಹೇಳುವ ಕೆಲಸ ಮಾಡುತ್ತಿದ್ದಳು. ‘ದಯವಿಟ್ಟು ಗಮನಿಸಿ’ ಎಂದು ದಿನವಿಡೀ ಬೇಡಿಕೊಂಡರೂ ಯಾರೊಬ್ಬರೂ ಗಮನಿಸದ ಹುದ್ದೆ ಅದು. ಒಮ್ಮೆ ಬಸ್ಸು ತಪ್ಪಿ ಕೂತಿದ್ದ ಯಾರೋ ಒಬ್ಬರು ಆ ದನಿಯನ್ನು ಗಮನಿಸಿ ಡಬ್ಬಿಂಗಿಗೆ ಕರೆದರು. ಅಲ್ಲಿ ಆಕೆಯ ಪಾಲಿಗೆ ಬಂದದ್ದು ಸಂತೆಯ ಗದ್ದಲ, ತೊಟ್ಟಿಲ ಕೂಸಿನ ಅಳು, ಪಾತ್ರೆ ತೊಳೆಯುವವಳ ಗೊಣಗಾಟ. ಒಂದು ಸಿನಿಮಾದಲ್ಲಂತೂ ಮದುವೆ ಹೆಣ್ಣು, ಹೆಣ್ಣಿನ ತಾಯಿ, ಅಂಗಳದಲ್ಲಿ ಕಟ್ಟಿದ ಮೇಕೆ ಮೂರೂ ಅಕ್ಕನೇ. ಮೇಕೆಯ ಅಭಿನಯ ಎಲ್ಲರಿಗೂ ಹಿಡಿಸಿತು.

ಒಡತಿ ಅಕ್ಕನ ಮನೆಗೆ ಮೊದಲು ಬಂದದ್ದು ಪುಸ್ತಕವಾಗಿ. ದಿಂಬಿನಷ್ಟು ದಪ್ಪದ ಕಾದಂಬರಿಗಳು, ಒಂದರ ಹಿಂದೊಂದು. ಅಕ್ಕನ ಅತ್ತೆಗೆ, ಅಂದರೆ ಭಾವನ ತಾಯಿಗೆ, ಆ ಹೊತ್ತಿಗೆ ಕಣ್ಣು ಪೂರಾ ಹೋಗಿತ್ತು. ಕತೆಯ ಹುಚ್ಚು ಮಾತ್ರ ಒಂದು ಚೂರೂ ಹೋಗಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಸೊಸೆ ಓದಬೇಕು, ಅತ್ತೆ ಕೇಳಬೇಕು. ಕಾದಂಬರಿಯ ಒಡತಿ ಇನ್ನೂ ಸಣಕಲು ಹುಡುಗಿ, ಮೂಗು ಕೊಂಚ ಸೊಟ್ಟ, ಬಾಯಿ ಜೋರು. ಮೂಗು ನೆಟ್ಟಗಾಗಿ ಮೈ ಆರಡಿ ಬೆಳೆದದ್ದು ಆಮೇಲೆ, ಟೀವಿಗೆ ಬಂದಾಗ.

ಮೊದಲ ದಿನವೇ ಅತ್ತೆ ಓದು ನಿಲ್ಲಿಸಿದರು.

“ಏನೇ ಅದು? ಬಸ್ಸು ಬಂತು, ಬಸ್ಸು ಹೋಯ್ತು ಅನ್ನೋ ಥರ ಓದ್ತೀಯ! ಒಡತಿ ಹಾಗೆ ಮಾತಾಡ್ತಾಳಾ?”

“ಮತ್ತೆ ಹೇಗೆ ಮಾತಾಡ್ತಾಳೆ ಅತ್ತೆ?”

“ನಾನು ಮಾತಾಡೋ ಹಾಗೆ.”

ಅದು ಅಹಂಕಾರವಲ್ಲ, ವರದಿ. ಅತ್ತೆ ಜೀವಮಾನದಲ್ಲಿ ದನಿ ಎತ್ತಿದವರಲ್ಲ. ದನಿ ತಗ್ಗಿಸುತ್ತಿದ್ದರು. ಅವರು ದನಿ ತಗ್ಗಿಸಿದರೆಂದರೆ ಮನೆಯಲ್ಲಿ ಬೆಕ್ಕೂ ಎದ್ದು ನಿಲ್ಲುತ್ತಿತ್ತು. ಅಕ್ಕ ಮರುದಿನದಿಂದ ಹಾಗೇ ಓದಿದಳು: ಮೆಲ್ಲಗೆ, ಆತುರವಿಲ್ಲದೆ, ಅಡುಗೆಗೆ ಉಪ್ಪು ಕಡಿಮೆಯಾಗಿದೆ ಎಂದು ಸೊಸೆಗೆ ತಿಳಿಸುವ ಅತ್ತೆಯಂತೆ. ಅತ್ತೆ ಕಣ್ಣು ಮುಚ್ಚಿಕೊಂಡು, “ಹೂಂ, ಈಗ ಇವಳಿಗೆ ಒಂದು ಕೋಟೆ ಕೊಡಬಹುದು,” ಎಂದರು.

ಟೀವಿ ಧಾರಾವಾಹಿಗೆ ಒಡತಿಯ ದನಿ ಹುಡುಕುವಾಗ ಸ್ಟುಡಿಯೋಗೆ ಬಂದ ಹುಡುಗಿಯರೆಲ್ಲ ಕಿರುಚಿ ಹೋದರು. ಅಕ್ಕ ಅಂದು ಬಂದಿದ್ದದ್ದು ಮೀನು ಮಾರುವವಳಾಗಲು. ರೆಕಾರ್ಡಿಂಗ್ ಯಂತ್ರದ ಮುಂದೆ ಕೂರುವಾತ, ಜೀವನವಿಡೀ ಗುಂಡಿ ಒತ್ತಿಯೇ ಬದುಕಿದ್ದರಿಂದ ಗುಂಡಿರಾಯ ಎಂದು ಹೆಸರಾದವನು, ಬೇಸತ್ತು, “ಅಕ್ಕಾ, ಸುಮ್ನೆ ಒಂದು ಸಾಲು ಹೇಳಿ, ಮೈಕಾದ್ರೂ ಸರಿ ಇದೆಯಾ ನೋಡೋಣ,” ಎಂದ. ಅಕ್ಕ ಪೆಟ್ಟಿಗೆ ಹತ್ತಿ, ಅತ್ತೆಯನ್ನು ನೆನೆದು, ಶತ್ರುಸೈನ್ಯಕ್ಕೆ ಮನೆಗೆ ಹೋಗಿ ಎಂದಳು. ಗುಂಡಿರಾಯ ಎದ್ದು ನಿಂತುಬಿಟ್ಟ. ಎಲ್ಲಿ, ಯಾವ ಮನೆಗೆ ಹೋಗಬೇಕೆಂದು ತನಗೇ ಗೊತ್ತಾಗಲಿಲ್ಲ ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಧಾರಾವಾಹಿಯ ಮೊದಲ ಕಂತು ಬಂದಾಗ ಅತ್ತೆ ಟೀವಿಯ ಕಡೆ ಕಿವಿ ತಿರುಗಿಸಿ ಕೂತಿದ್ದರು.

“ಯಾರೇ ಅದು, ನನ್ನ ಥರ ಮಾತಾಡೋದು?”

“ನಾನೇ ಅತ್ತೆ.”

“ಥೂ! ನಾನು ಅಷ್ಟು ಜೋರಾ?”

“ಸ್ವಲ್ಪ ಕಡಿಮೆ ಮಾಡಿದೀನಿ ಅತ್ತೆ. ಟೀವಿ ತಡಕೋಬೇಕಲ್ಲ.”

ಅತ್ತೆ ನಕ್ಕದ್ದು ಅಪರೂಪ, ಅಂದು ನಕ್ಕರು. ಆಮೇಲೆ ಒಂದು ಕಂತೂ ತಪ್ಪಿಸಲಿಲ್ಲ. ಆರನೆಯ ಪುಸ್ತಕ ಓದಿ ಮುಗಿದಾಗ ಒಡತಿಯ ಕೋಟೆ ಸುಟ್ಟಿತ್ತು, ಅವಳ ತಾಯಿ ಅದರೊಳಗೇ ಉಳಿದಿದ್ದಳು, ಒಡತಿ ದೇಶಬಿಟ್ಟು ಓಡಿದ್ದಳು. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು.

“ಅವಳು ವಾಪಸ್ ಹೋಗ್ತಾಳೇನೇ?” ಎಂದು ಕೇಳಿದರು.

“ಹೋಗ್ತಾಳೆ ಅತ್ತೆ.”

“ನೀನೇನು ಬರೆದೋಳ ಥರ ಹೇಳ್ತೀಯ!”

ಏಳನೆಯ ಪುಸ್ತಕ ಅಂಗಡಿಗೆ ಬರುವ ಮುಂಚೆಯೇ ಅತ್ತೆ ಹೋದರು. ಟೀವಿಯವರು ಕೂಡ, ನೋಡುವವರು ಕಡಿಮೆಯಾದರೆಂದು, ಕೋಟೆಗೆ ಬೆಂಕಿ ಬಿದ್ದಲ್ಲಿಗೇ ಧಾರಾವಾಹಿ ನಿಲ್ಲಿಸಿದರು. ಆರಿಸುವುದಕ್ಕೂ ಒಂದು ಕಂತು ಕೊಡಲಿಲ್ಲ.

ಏಳನೆಯ ಪುಸ್ತಕವನ್ನು ಅಕ್ಕ ಒಬ್ಬಳೇ, ತುಟಿ ಅಲುಗಿಸದೆ ಓದಿದಳು. ಒಡತಿ ವಾಪಸ್ ಹೋಗುತ್ತಾಳೆ. ಸುಟ್ಟ ಕೋಟೆಯ ಹೊಸಿಲ ಮೇಲೆ ಕೂತು ಸತ್ತ ತಾಯಿಯ ಜೊತೆ ಒಂದಿಷ್ಟು ಮಾತಾಡುತ್ತಾಳೆ. ಆ ಮಾತು ಶುರುವಾಗುವುದು ಹೀಗೆ: ‘ಬಾಗಿಲೇ ಇಲ್ಲ. ಆದರೂ ತಟ್ಟಿಯೇ ಬಂದೆ, ಅಮ್ಮ.’

ಈ ಸಾಲುಗಳನ್ನು ಅತ್ತೆಯ ದನಿಯಲ್ಲಿ ಹೇಳಬೇಕು. ಅಕ್ಕನಿಗೆ ಬದುಕಿನಲ್ಲಿ ಬೇಕಾದದ್ದು ಆಮೇಲೆ ಅದೊಂದೇ. ಮಕ್ಕಳಿಲ್ಲ, ಸ್ವಂತ ಮನೆಯಿಲ್ಲ, ಅವುಗಳ ಬಗ್ಗೆ ಕೊರಗೂ ಇರಲಿಲ್ಲ. ಈ ನಾಲ್ಕಾರು ಸಾಲು ಮಾತ್ರ ಗಂಟಲಲ್ಲಿ ಕೂತಿದ್ದವು. ಹಾಗಾದರೆ ಮನೆಯಲ್ಲೇ ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಭಾವನೂ ಕೇಳಿದ್ದರು. ಆದರೆ ದನಿಯ ಕಸುಬಿನವರಿಗೆ ಒಂದು ನೇಮವಿದೆ: ಮೈಕಿನ ಮುಂದೆ ಹೇಳಬೇಕಾದ ದೊಡ್ಡ ಮಾತನ್ನು ಮೊದಲೇ ಬಾಯಿಬಿಟ್ಟು ಹೇಳಬಾರದು. ಅಡುಗೆಮನೆಯಲ್ಲಿ ಒಮ್ಮೆ ಹೇಳಿದ ಮಾತು ಸ್ಟುಡಿಯೋಗೆ ಹೋಗುವಾಗ ತಂಗಳಾಗಿರುತ್ತದೆ. ಅಕ್ಕ ಆ ಸಾಲುಗಳನ್ನು ತಂಗಳಾಗಲು ಬಿಡಲಿಲ್ಲ. ಸ್ನಾನದ ಮನೆಯಲ್ಲೂ ಹೇಳಲಿಲ್ಲ.

“ಯಾರು ಕರೀತಾರೆ ನಿನ್ನ? ಧಾರಾವಾಹಿನೇ ನಿಂತೋಯ್ತು,” ಎಂದರು ಭಾವ.

“ಒಡತೀನ ಯಾರಾದ್ರೂ ಎಷ್ಟು ದಿನ ಹೊಸಿಲ ಆಚೆ ನಿಲ್ಸಿರ್ತಾರೆ ರೀ? ಕರೀತಾರೆ.”

ಕರೆದರು. ವರ್ಷಗಳು ಕಳೆದ ಮೇಲೆ ಒಡತಿ ವಿಡಿಯೋ ಗೇಮಾಗಿ ಮೂರನೆಯ ಅವತಾರ ಎತ್ತಿದಳು. ಈ ಅವತಾರದಲ್ಲಿ ಅವಳಿಗೆ ಮಂಡಿಯೇ ಇಲ್ಲ. ಬೆಟ್ಟದ ತುದಿಯಿಂದ ಜಿಗಿದು, ಇಳಿದ ಮರುಕ್ಷಣ ಓಡುತ್ತಾಳೆ. ಏಳೂ ಪುಸ್ತಕದ ಕತೆ ಇದೆ, ಕೊನೆಯೂ ಇದೆ, ಹಳೆಯ ದನಿಯೇ ಬೇಕು ಎಂದು ಗುಂಡಿರಾಯ ಮನೆಗೇ ಬಂದು ಹೇಳಿದ. ಅಕ್ಕ ಉತ್ತರ ಕೊಟ್ಟ ದನಿ ಒಡೆದು ಗೊಗ್ಗರಾಗಿತ್ತು.

“ಯಾಕಕ್ಕಾ ದನಿ ಹೀಗಾಗಿದೆ?”

“ಮೇಕೆ ವಾಪಸ್ ಬಂದಿದೆ ಕಣೋ,” ಎಂದಳು ಅಕ್ಕ.

ಮೇಕೆಯಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿತ್ತು. ಡಾಕ್ಟರು ಗಂಟಲೊಳಗೆ ಕನ್ನಡಿ ಇಟ್ಟು ನೋಡಿ, ಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿ ಇಲ್ಲ, ಪ್ರಾಣ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದಿದ್ದರು. ಮುಂದಿನ ವಾರ ಬಂದು ಸೇರಿಕೊಳ್ಳಿ ಎಂದೂ ಹೇಳಿದ್ದರು. ಅಕ್ಕ ಗುಂಡಿರಾಯನಿಗೆ ಹೇಳಿದಳು: ವಾರ ಇದೆ. ನಾಳೆಯೇ ಶುರು ಮಾಡು.

ಇಲ್ಲಿ ಕಸುಬಿನ ಇನ್ನೊಂದು ಪದ್ಧತಿ ಹೇಳಬೇಕು. ಡಬ್ಬಿಂಗಿನಲ್ಲಿ ಯಾವಾಗಲೂ ಮೆತ್ತನೆಯ ಮಾತು ಮೊದಲು, ಕೂಗಾಟ ಕೊನೆಗೆ. ಮೊದಲು ಕೂಗಿದರೆ ಗಂಟಲು ಹರಿದು ಮೆತ್ತನೆಯ ಮಾತು ಕೆಡುತ್ತದೆ. ನೆನ್ನೆ ಮೊನ್ನೆ ಬಂದ ಮಕ್ಕಳಿಗೂ ಗೊತ್ತಿರುವ ವಿಷಯ. ಗುಂಡಿರಾಯ ಅದರಂತೆಯೇ ಕಾಗದ ಜೋಡಿಸಿಕೊಂಡು ಕೂತಿದ್ದ. ಅಕ್ಕ ಬಂದವಳೇ ಕಟ್ಟನ್ನು ತಲೆಕೆಳಗು ಮಾಡಿದಳು.

“ಮೊದಲು ಸಾವು ಕೊಡು.”

“ಅಕ್ಕಾ, ಯಾವತ್ತಾದ್ರೂ ಹಾಗೆ ಮಾಡಿದೀವಾ? ಮೆತ್ತಗಿರೋದು ಮುಗಿಸಿಕೊಳ್ಳೋಣ.”

“ಯಾವತ್ತೂ ಇದ್ದ ಗಂಟಲು ಈಗಿಲ್ಲವಲ್ಲೋ. ಕೂಗೋಕೆ ಗಂಟಲು ಬೇಕು, ಅದು ಇವತ್ತಿದ್ದಷ್ಟು ನಾಳೆ ಇರಲ್ಲ. ಮೆಲ್ಲಗೆ ಮಾತಾಡೋಕೆ ಏನು ಬೇಕು? ಗೊಗ್ಗರು ದನಿಯಾದ್ರೂ ನಡೆಯುತ್ತೆ. ಕೊನೇಲಿ ಒಡತಿಗೂ ಹೊಗೆ ಕುಡಿದು ಗಂಟಲು ಕೆಟ್ಟಿರುತ್ತೆ. ನಂಗೆ ಬಿಟ್ಟಿ ಮೇಕಪ್ಪು.”

ಲೆಕ್ಕಾಚಾರದಲ್ಲಿ ತಪ್ಪೇ ಇರಲಿಲ್ಲ. ಅಷ್ಟು ವರ್ಷ ಆ ಪೆಟ್ಟಿಗೆಯ ಮೇಲೆ ನಿಂತವಳಿಗೆ ಮಾತ್ರ ಹೊಳೆಯುವ ಜಾಣತನ ಅದು. ಗುಂಡಿರಾಯ ಒಪ್ಪಿದ.

ಗೇಮಿನವರು ಒಡತಿಯನ್ನು ಕೊಲ್ಲಲು ಎಷ್ಟು ಬಗೆ ಯೋಚಿಸಿದ್ದರೆಂದರೆ, ಶತ್ರುಗಳಿಗೂ ಅಷ್ಟು ಹಗೆ ಇದ್ದಿರಲಾರದು. ಆಡುವವನು ಎಲ್ಲೆಲ್ಲಿ ಎಡವುತ್ತಾನೋ ಅಲ್ಲೆಲ್ಲ ಒಂದು ಸಾವು ತಯಾರಿರಬೇಕಲ್ಲ. ಗುಂಡಿರಾಯ ಗಾಜಿನ ಆಚೆಯಿಂದ ಒಂದೊಂದಾಗಿ ಓದಿದ.

“ಬೀಳೋದು, ಸ್ವಲ್ಪ ಎತ್ತರದಿಂದ.”

“ಸ್ವಲ್ಪ ಎತ್ತರದಿಂದ ಬಿದ್ರೆ ಸಾಯ್ತಾಳೇನೋ?”

“ಇಲ್ಲಕ್ಕಾ, ಇದರಲ್ಲಿ ಬರೀ ಸೊಂಟ ಹಿಡ್ಕೊಳ್ಳುತ್ತೆ.”

“ಅದಕ್ಕೆ ಅಭಿನಯ ಬೇಡ ಬಿಡು. ಮುಂದೆ?”

“ತುಂಬಾ ಎತ್ತರದಿಂದ.”

ಅಕ್ಕ ತುಂಬಾ ಎತ್ತರದಿಂದ ಬಿದ್ದಳು. ಬೆಂಕಿಯಲ್ಲಿ ಸುಟ್ಟಳು. ನೀರಲ್ಲಿ ಮುಳುಗುವುದಕ್ಕೆ ಲೋಟದಲ್ಲಿ ನೀರಿಟ್ಟುಕೊಂಡು ಗುಳುಗುಳು ಮಾಡಿದಳು. ಬೆನ್ನಿಗೆ ಬಾಣ, ಎದೆಗೆ ಬಾಣ, ಹಾರುವ ಹಾವಿನ ಬಾಯಿಗೆ ಬಲಿ. ಎರಡನೆಯ ಮಧ್ಯಾಹ್ನ ಕೆಳಗಿನ ಹಾಸಿಗೆ ಅಂಗಡಿಯವನು ಮೆಟ್ಟಿಲು ಹತ್ತಿ ಬಂದು, “ಸ್ವಾಮಿ, ಗಿರಾಕಿ ಹಾಸಿಗೆ ಮೇಲೆ ಮಲಗಿ ನೋಡ್ತಿದ್ರು, ನಿಮ್ಮ ಕೂಗಿಗೆ ಎದ್ದು ಓಡಿಹೋದ್ರು. ಕೊಲ್ಲೋದಾದ್ರೆ ಒಂದೇ ಸಲ ಕೊಂದುಬಿಡಿ,” ಎಂದು ಕೈಮುಗಿದ. ಅಕ್ಕ ನಗಲು ಹೋಗಿ ಕೆಮ್ಮಿದಳು. ಕರವಸ್ತ್ರದಲ್ಲಿ ಕೆಂಪು ಕಂಡಿತು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರನೆಯ ಮಧ್ಯಾಹ್ನ ಸಾವುಗಳೆಲ್ಲ ಮುಗಿದವು. ಅಕ್ಕ ಬಾಗಿಲು ತೆರೆದು ಹೊರಗೆ ಬಂದಳು. ನಾಳೆಯಿಂದ ಮೆತ್ತನೆಯದು ಎನ್ನುವಂತೆ ಕೈಯನ್ನು ಗಾಳಿಯಲ್ಲಿ ಸವರಿದಳು. ಹಾಗೇ ಗೋಡೆ ಹಿಡಿದು ಕೂತಳು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಊದಿ ಮುಚ್ಚಿಕೊಂಡಿತ್ತು. ಗುಂಡಿರಾಯನೂ ಹಾಸಿಗೆ ಅಂಗಡಿಯವನೂ ಸೇರಿ ಆಟೋದಲ್ಲಿ ಹಾಕಿಕೊಂಡು ಓಡಿದರು. ಡಾಕ್ಟರು ಮುಂದಿನ ವಾರದ ಮಾತೆತ್ತಲಿಲ್ಲ, ಅವತ್ತೇ ತೆಗೆದರು.

ಅಕ್ಕನಿಗೆ ಎಚ್ಚರವಾದಾಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತಿತ್ತು. ಭಾವ ಮಂಚದ ಅಂಚಿಗೆ ಕೂತಿದ್ದರು. ಏನೋ ಹೇಳಲು ಅವಳು ಬಾಯಿ ತೆರೆದಳು. ಗಾಳಿ ಬಾಯಿಯ ತನಕ ಬರಲೇ ಇಲ್ಲ.

“ಮನೇಲಿ ಒಂದು ಸಲ ಹೇಳಿಬಿಡಬೇಕಿತ್ತು ಕಣೇ,” ಎಂದರು ಭಾವ. ಹೇಳಬಾರದಿತ್ತೆಂದು ಆಮೇಲೆ ಅವರಿಗೆ ಅನ್ನಿಸಿತು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆ ಮೌನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ಸದ್ದು ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಭಾವನನ್ನು ಕರೆಯಬೇಕಾದರೆ ತಟ್ಟೆ ಬಡಿಯಬೇಕು, ಸಿಟ್ಟು ಬಂದರೆ ಕಬ್ಬಿಣದ ಬಾಣಲೆ. ಹೆಂಡತಿಯ ಮಾತನ್ನು ಅಷ್ಟು ವರ್ಷ ಕಿವಿಗೆ ಹಾಕಿಕೊಳ್ಳದೆ ಬದುಕಿದ್ದ ಗಂಡಸು ಈಗ ಅವಳ ಮುಖವನ್ನೇ ನೋಡುತ್ತ ಕೂರಬೇಕಾಯಿತು. ಬೇರೆ ಕಡೆ ನೋಡಿದರೆ ಮಾತು ತಪ್ಪಿಹೋಗುತ್ತದೆ. ಒಲೆ ಆರಿಸಿ ಎಂದರೆ ಫ್ಯಾನು ಆರಿಸಿ ಬರುತ್ತಿದ್ದರು. ಕೊನೆಗೆ ಅಂಗಡಿಯಿಂದ ಒಂದು ಸ್ಲೇಟು, ಬಳಪ ತಂದುಕೊಟ್ಟರು. ಅಕ್ಕ ಅದರ ಮೇಲೆ ಮೊದಲು ಬರೆದದ್ದು: ಸ್ಲೇಟು ಚಿಕ್ಕದಾಯಿತು.

ಒಂದು ದಿನ ಬಾಗಿಲಲ್ಲಿ ಹೊಸ ಹುಡುಗಿ ನಿಂತಿದ್ದಳು. ಉಳಿದ ಮಾತುಗಳನ್ನೆಲ್ಲ ಅವಳಿಗೆ ಕೊಟ್ಟಿದ್ದರು. ಇಪ್ಪತ್ತರ ಆಸುಪಾಸು, ಒಳ್ಳೆಯ ದನಿ, ಹೆದರಿದ ಮುಖ.

“ಅಮ್ಮಾ, ಬೈಯಬೇಡಿ. ನಿಮ್ಮ ಜಾಗಕ್ಕೆ ಬರ್ಬೇಕು ಅಂತ ನಾನು ಕೇಳಲಿಲ್ಲ.”

“ಬೈಯೋಕೆ ಆಗಲ್ಲ ಬಾಮ್ಮ, ಒಳಗೆ ಬಾ,” ಎಂದರು ಭಾವ. ಒಳಗಿಂದ ಬಾಣಲೆ ಸದ್ದಾಯಿತು. “ಬೈತಾಳೆ. ಆದ್ರೂ ಬಾ.”

ಹುಡುಗಿ ಕಾಗದ ತೆಗೆದು ಹೊಸಿಲ ಮಾತುಗಳನ್ನು ಓದತೊಡಗಿದಳು. ಮೂರನೆಯ ಸಾಲಿಗೆ ನಿಲ್ಲಿಸಿಬಿಟ್ಟಳು.

“ಇಲ್ಲಿಗೆ ಬಂದ್ರೆ ಸಾಕು, ಅಳು ಬಂದುಬಿಡುತ್ತೆ ಅಮ್ಮಾ.”

ಅಕ್ಕ ಎರಡೂ ಕೈ ಬೀಸಿ, ತಲೆ ಆಡಿಸಿ, ಎದೆ ತಟ್ಟಿಕೊಂಡು, ಕಿಟಕಿಯ ಕಡೆ ಬೆರಳು ಮಾಡಿ ಏನೇನೋ ಹೇಳಿದಳು. ಭಾವ ಅರ್ಥ ಬಿಡಿಸಿದರು: “ಅಳಬೇಡ ಅಂತಿದಾಳೆ. ಒಡತಿ ಅಳಲ್ವಂತೆ, ಕೇಳೋರು ಅಳಬೇಕಂತೆ.”

“ಅಷ್ಟೆಲ್ಲಾ ಹೇಳಿದ್ರಾ?”

“ಅಷ್ಟುದ್ದ ಕೈ ಬೀಸಿದಾಳೆ. ಅಷ್ಟಾದ್ರೂ ಇರ್ಲೇಬೇಕು.”

“ನೀವು ಹೇಗೆ ಹೇಳ್ತಿದ್ರಿ, ಅದನ್ನ ತೋರಿಸಿ. ಹಾಗೇ ಹೇಳ್ತೀನಿ.”

ಅಕ್ಕ ಸ್ಲೇಟು ಎತ್ತಿಕೊಂಡಳು. ಟೀವಿಯ ಹಳೆಯ ಕಂತು ಹಾಕಿ, ಹೀಗೆ ಹೇಳು ಎನ್ನಬಹುದಿತ್ತು. ಹುಡುಗಿ ಗಿಳಿಯಂತೆ ಕಲಿತು, ಅತ್ತೆಯ ದನಿಯ ನೆರಳನ್ನಾದರೂ ಕೋಟೆಗೆ ತಲುಪಿಸುತ್ತಿದ್ದಳು. ಬಳಪ ಸ್ಲೇಟಿನ ಮೇಲೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಬರೆದಳು: ಮನೆಯಲ್ಲಿ ನಿನ್ನನ್ನು ನಡುಗಿಸಿದವರು ಯಾರು?

ಹುಡುಗಿ ಓದಿ ಗಲಿಬಿಲಿಗೊಂಡಳು. “ನಮ್ಮಜ್ಜಿ.”

ಅಕ್ಕ ಒರೆಸಿ ಬರೆದಳು: ಬದುಕಿದಾರಾ?

“ಇಲ್ಲ.”

ಹಾಗಾದರೆ ಅವರ ಥರ ಹೇಳು.

ಹುಡುಗಿ ಕಾಗದ ಮಡಚಿಟ್ಟಳು. ಬಾಯಿ ತೆರೆಯಹೊರಟವಳನ್ನು ಅಕ್ಕ ಅಂಗೈ ಅಡ್ಡ ಹಿಡಿದು ತಡೆದಳು. ಇಲ್ಲಲ್ಲ, ಮೈಕಿನ ಮುಂದೆ. ಆ ದಿನ ಹುಡುಗಿ ಹೋದ ಮೇಲೆ ಅಕ್ಕ ಊಟ ಮಾಡಲಿಲ್ಲ. ಭಾವ ಕೇಳಲೂ ಇಲ್ಲ. ಮುಖ ನೋಡಿ ಓದುವುದು ಅಷ್ಟು ಹೊತ್ತಿಗೆ ಅವರಿಗೂ ಬಂದಿತ್ತು.

ಗೇಮು ಮಾರುಕಟ್ಟೆಗೆ ಬಂದಾಗ ಗುಂಡಿರಾಯ ಒಂದು ಪ್ರತಿಯನ್ನೂ ಆಡುವ ಯಂತ್ರವನ್ನೂ ತಂದು ಟೀವಿಗೆ ಜೋಡಿಸಿಕೊಟ್ಟ. ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಭಾವ ಕೈಗೆತ್ತಿಕೊಂಡರು. ಎಂಥ ಬೀಗವನ್ನೂ ಸದ್ದಿಲ್ಲದೆ ಬಿಚ್ಚುವ ಬೆರಳುಗಳು ಆ ಗುಂಡಿಗಳ ಮುಂದೆ ಸೋತವು. ಒಡತಿ ಗೋಡೆಗೆ ಮುಖ ಮಾಡಿ ಓಡಿದಳು, ಒಂದು ಹಸುವನ್ನು ಇರಿಯಲು ಹೋದಳು, ಆಮೇಲೆ ತೂಗುಸೇತುವೆಯ ಮೇಲಿಂದ ನೇರವಾಗಿ ಕಣಿವೆಗೆ ಕಾಲಿಟ್ಟಳು.

ಅಕ್ಕನ ದನಿ ಮನೆಯೊಳಗೆ ಕೂಗಿತು.

ಒಡತಿ ಮತ್ತೆ ಜೀವ ತಳೆದು ಸೇತುವೆಯ ಈಚೆ ತುದಿಯಲ್ಲಿ ನಿಂತಳು. ಹೊಸ ಹುಡುಗಿಯ ದನಿಯಲ್ಲಿ, “ದಾರಿ ಇನ್ನೂ ದೂರ ಇದೆ,” ಎಂದಳು. ಭಾವ ಅವಳನ್ನು ಸೇತುವೆಯ ಅಂಚಿಗೆ ನಡೆಸಿದರು. ಈ ಸಲ ಕೈತಪ್ಪಾಗಿರಲಿಲ್ಲ.

ಅಂದಿನಿಂದ ಭಾವ ಅಂಗಡಿ ಮುಚ್ಚಿ ಬಂದವರೇ ಒಡತಿಯನ್ನು ಕಣಿವೆಗೆ ತಳ್ಳತೊಡಗಿದರು. ಜಗತ್ತಿನಲ್ಲೆಲ್ಲ ಜನ ಆ ಹೆಣ್ಣನ್ನು ಉಳಿಸಲು ಒದ್ದಾಡುತ್ತಿದ್ದರೆ, ಈ ಮನೆಯಲ್ಲಿ ಒಬ್ಬ ಸಾಧು ಬೀಗದವರು ಅವಳನ್ನು ಎಡೆಬಿಡದೆ ಕೊಲ್ಲುತ್ತಿದ್ದರು. ಅಕ್ಕ ಬಾಣಲೆ ಬಡಿದಳು. ಕೇಳಲಿಲ್ಲ. ಒಂದು ಸಂಜೆ ಟೀವಿಗೆ ಅಡ್ಡ ಬಂದು ನಿಂತು ಸ್ಲೇಟು ಹಿಡಿದಳು: ನನ್ನನ್ನು ಯಾಕೆ ಕೊಲ್ಲುತ್ತೀರಿ?

“ಕೊಲ್ತಿಲ್ಲ ಕಣೇ,” ಎಂದರು ಭಾವ. “ಕರೀತಿದೀನಿ.”

ಅಕ್ಕ ಒರೆಸಿ ಬರೆದಳು: ಅದು ನಾನಲ್ಲ. ಕೆಲಸ.

“ನಂಗೆ ಅಷ್ಟೇ ಉಳಿದಿರೋದು.”

ಅಕ್ಕ ಅವರ ಕೈಯಿಂದ ಆ ಗುಂಡಿಗಳ ಯಂತ್ರ ಕಿತ್ತುಕೊಂಡು ಪಕ್ಕದಲ್ಲಿ ಕೂತಳು. ಆಡಿದರೆ ತಾನು ಆಡಬೇಕು, ಒಡತಿ ಕೋಟೆಗೆ ಹೋಗಬೇಕು. ಮೊದಮೊದಲು ಅವಳ ಕೈಯಲ್ಲೂ ಒಡತಿ ಸತ್ತಳು. ಪ್ರತಿ ಕೂಗಿಗೂ ಅಕ್ಕ ಹಲ್ಲು ಕಚ್ಚಿದಳು, ಭಾವ ಮುಖ ಮರೆಸಿಕೊಂಡರು. ಆದರೆ ತೆರೆಯ ಮೇಲಿನ ಬಾಯಿ ಯಾವ ಕ್ಷಣ ತೆರೆಯುತ್ತದೆಂದು ಕಾದು ಮಾತು ಹಾಕಿದವಳಿಗೆ, ಶತ್ರು ಯಾವ ಕ್ಷಣ ಕತ್ತಿ ಎತ್ತುತ್ತಾನೆಂದು ತಿಳಿಯುವುದು ದೊಡ್ಡದೇನಲ್ಲ. ಕೆಲವೇ ವಾರಗಳಲ್ಲಿ ಒಡತಿ ಅಕ್ಕನ ಕೈಯಲ್ಲಿ ಸಾಯುವುದನ್ನೇ ಬಿಟ್ಟಳು. ಹಾರುವ ಹಾವುಗಳು ಒಂದೊಂದಾಗಿ ಬಂಡೆಗೆ ಬಡಿದುಕೊಂಡವು. ಭಾವ ಪಕ್ಕದಲ್ಲಿ ಕೂತು, ಯಾವುದಾದರೂ ಬಾಣ ತಾಗಲಿ ಎಂದು ಒಳಗೊಳಗೇ ಶತ್ರುಗಳ ಪರವಾದರು.

“ಒಂದೇ ಒಂದ್ಸಲ ಬೀಳ್ಸೇ,” ಎಂದು ಒಮ್ಮೆ ಬಾಯಿಬಿಟ್ಟು ಕೇಳಿದರು. ಅಕ್ಕ ಕೇಳಿಸಿಕೊಳ್ಳದವಳಂತೆ ಸೇತುವೆ ದಾಟಿದಳು.

ಒಡತಿ ಸುಟ್ಟ ಕೋಟೆ ತಲುಪಿದ್ದು ಒಂದು ರಜೆಯ ದಿನ, ಹಾಡಹಗಲು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಕೊನೆಯ ಶತ್ರು ಬಿದ್ದ ಮೇಲೆ ಗುಂಡಿ ಒತ್ತುವುದಕ್ಕೇನೂ ಉಳಿಯಲಿಲ್ಲ. ಒಡತಿ ತಾನಾಗಿಯೇ ನಡೆದು ಹೊಸಿಲ ಮೇಲೆ ಕೂತಳು. ಅವಳ ಮುಖ ತೆರೆಯ ತುಂಬ ಬಂತು. ಅಕ್ಕ ಬಳೆ ತೆಗೆದು ನೆಲದ ಮೇಲಿಟ್ಟಳು. ಅವಳ ತುಟಿಗಳು ಸಿದ್ಧವಾದವು.

“ಬಾಗಿಲೇ ಇಲ್ಲ,” ಎಂದಳು ಹುಡುಗಿ ತೆರೆಯೊಳಗಿಂದ. ಅಕ್ಕನ ತುಟಿಗಳೂ ಅದನ್ನೇ ಹೇಳಿದವು, ಒಂದು ಕೂದಲೆಳೆಯೂ ಆಚೀಚೆಯಾಗದಂತೆ. “ಆದರೂ ತಟ್ಟಿಯೇ ಬಂದೆ.” ಅಲ್ಲೂ ಕೂಡಿತು. ಭಾವ ತೆರೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯ ಬಾಯಿ ನೋಡುತ್ತಿದ್ದರು. ಅವಳೇ ಮಾತಾಡಿದಂತಿತ್ತು. ಮುಂದಿನ ಒಂದು ಪದವನ್ನೂ ಅಕ್ಕನ ತುಟಿ ಹೇಳಿ ಮುಚ್ಚಿಕೊಂಡಿತು. ತೆರೆಯೊಳಗೆ ಹುಡುಗಿ ಇನ್ನೂ ಹೇಳಿರಲಿಲ್ಲ. ಅವಳ ಅಜ್ಜಿಯ ಮೌನ ಉದ್ದವಾಗಿತ್ತು. ಅಕ್ಕನ ಬಾಯಿ ಮುಚ್ಚಿದ ಮೇಲೆ, ಎಷ್ಟೋ ಹೊತ್ತಾದಂತೆ ಅನ್ನಿಸಿದ ಮೇಲೆ, “ಅಮ್ಮ” ಎಂಬುದು ಬಂತು.

ಮುಂದಿನ ಸಾಲುಗಳಿಗೆ ಅಕ್ಕ ತುಟಿ ಆಡಿಸಲಿಲ್ಲ. ಕೈಕಟ್ಟಿ ಕೇಳಿದಳು.

“ಚೆನ್ನಾಗಿ ಹೇಳಿದಾಳೆ ಅಲ್ವಾ?” ಎಂದರು ಭಾವ, ಎಲ್ಲ ಮುಗಿದ ಮೇಲೆ.

ಅಕ್ಕ ಹೌದೆಂದು ತಲೆಯಾಡಿಸಿದಳು. ಸ್ಲೇಟು ಎಳೆದುಕೊಂಡು ಬರೆದಳು: ಅವಳ ಅಜ್ಜಿ ಗಟ್ಟಿ ಹೆಂಗಸು.

ಭಾವ ನಕ್ಕರು. ಆಮೇಲೆ ಕೇಳಿದರು, “ನಮ್ಮಮ್ಮ ಆಗಿದ್ರೆ ಹೇಗೆ ಹೇಳ್ತಿದ್ಲು?”

ಅಕ್ಕ ಸ್ಲೇಟು ಒರೆಸಿದಳು. ಬಳಪ ಊರಿದಳು. ಸ್ಲೇಟಿನ ಮೇಲೆ ಒಂದು ಬಿಳಿ ಚುಕ್ಕೆ ಬಿತ್ತು, ಅಷ್ಟೇ. ಬಳಪ ಕೆಳಗಿಟ್ಟಳು.

ಬಟ್ಟೆ ಒಗೆಯುವ ಸದ್ದು ನಿಂತಿತು. ಅಕ್ಕ ಯಂತ್ರವನ್ನು ಮತ್ತೆ ಕೈಗೆತ್ತಿಕೊಂಡು, ಆಟವನ್ನು ಹಿಂದಕ್ಕೆ ತಿರುಗಿಸಿ, ಒಡತಿಯನ್ನು ತೂಗುಸೇತುವೆಗೆ ತಂದು ನಿಲ್ಲಿಸಿದಳು. ಭಾವನ ಕಡೆ ತಿರುಗಿ, ಕಣ್ಣು ಮುಚ್ಚಿಕೊಳ್ಳಿ ಎಂದು ರೆಪ್ಪೆ ತೋರಿಸಿದಳು. ಭಾವ ಮುಚ್ಚಿಕೊಂಡರು. ಒಡತಿ ಬಿದ್ದಳು.

ಆಮೇಲೆ ಬೆಂಕಿ. ಆಮೇಲೆ ನದಿ. ಅಕ್ಕ ಯಾವುದನ್ನೂ ಅವಸರ ಮಾಡಲಿಲ್ಲ. ತಾನು ಕಷ್ಟಪಟ್ಟು ಮಾಡಿದ ಕೆಲಸವನ್ನು ಮನೆಯವರಿಗೆ ಒಂದೊಂದಾಗಿ ತೋರಿಸುವವಳಂತೆ ಒಡತಿಯನ್ನು ಊರೂರು ಸುತ್ತಿಸಿ ಕೊಂದಳು. ಬೆನ್ನಿಗೆ ತಾಗಿದ ಬಾಣದ ಕೂಗು ಅವಳಿಗೆ ಹಿಡಿಸಲಿಲ್ಲ, ಮುಖ ಸಿಂಡರಿಸಿದಳು. ಹಾವಿನದು ಚೆನ್ನಾಗಿ ಬಂದಿತ್ತು. ಅದನ್ನು ಎರಡು ಸಲ ಕೇಳಿಸಿದಳು. ಭಾವನ ಮುಚ್ಚಿದ ಕಣ್ಣಿಂದ ನೀರು ಇಳಿದು ಗಡ್ಡ ಸೇರುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಕೊನೆಗೆ ಅಕ್ಕ ಒಡತಿಯನ್ನು ಒಂದು ದೊಡ್ಡ ಬೆಟ್ಟಕ್ಕೆ ಹತ್ತಿಸಿದಳು. ಭಾವ ಆ ಕಡೆ ಎಂದೂ ಹೋಗಿರಲಿಲ್ಲ. ಹತ್ತಿ ಮುಗಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ಮೇಲೆ ಬರೀ ಹಿಮ. ಅಲ್ಲಿ ಒಡತಿಯ ಉಣ್ಣೆಯ ಹೊದಿಕೆ ತೆಗೆಸಿ ಅಕ್ಕ ಕೈ ಕೆಳಗಿಟ್ಟಳು. ಏನೂ ಮಾಡದೆ ಕಾದಳು. ಒಡತಿ ನಡುಗಿದಳು, ಮಂಡಿಯೂರಿದಳು, ಬಿಳಿಯೊಳಗೆ ಒರಗಿದಳು. ಕೂಗಲಿಲ್ಲ. ಒಂದು ಉಸಿರು ಬಿಟ್ಟಳು. ಅದರ ಕೊನೆಗೆ ಕೇಳಿಸೀತೋ ಇಲ್ಲವೋ ಎನ್ನುವಷ್ಟು ದನಿ ಇತ್ತು. ಮನೆಗೆಲಸವೆಲ್ಲ ಮುಗಿಸಿ ಕೂತ ಹೆಂಗಸಿನ ದನಿ.

ಭಾವ ಕಣ್ಣು ತೆರೆದರು. “ಇದು ಯಾವಾಗ ಮಾಡಿದ್ದೇ?”

ಅಕ್ಕ ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು. ಎಲ್ಲಕ್ಕಿಂತ ಕೊನೆಗೆ.

“ಸರಿಯಾಗಿ ಕೇಳಿಸ್ಲಿಲ್ಲ,” ಎಂದರು ಭಾವ. ಟೀವಿಯ ಹತ್ತಿರಕ್ಕೆ ಜರುಗಿ ನೆಲದ ಮೇಲೆ ಕೂತು ಅದಕ್ಕೆ ಕಿವಿ ಹಚ್ಚಿದರು. “ಇನ್ನೊಂದ್ಸಲ.”

ಒಡತಿ ಬೆಟ್ಟದ ಬುಡದಲ್ಲಿ ಮತ್ತೆ ಎದ್ದು ನಿಂತಿದ್ದಳು. ದಾರಿ ಪೂರಾ ಮತ್ತೆ ಹತ್ತಬೇಕಿತ್ತು. ಅಕ್ಕ ಹತ್ತಿಸತೊಡಗಿದಳು.